ಮೂರನೆಯ ಪ್ರಶ್ನೆ

ಶ್ರೀಶ ಟೀವಿಯ ಸ್ವಿಚ್ಚಿಗೆ ಕೈ ಹಾಕಿದನೋ ಇಲ್ಲವೋ, ಬೇಬಿ ಎದ್ದು ಬಂದು ಮೈದುನನ ಮಣಿಕಟ್ಟು ಹಿಡಿದೇಬಿಟ್ಟಳು.

"ಅದನ್ನು ಮುಟ್ಟಬೇಡ."

"ಅತ್ತಿಗೇ, ಹೆಣ ಇರುವ ಮನೆಯಲ್ಲಿ ಟೀವಿ ಹಾಕುವುದಾ? ಕಂಡವರು ಎಂತ ಹೇಳಿಯಾರು?"

"ಹೇಳಲಿ. ನಿನ್ನ ಅಣ್ಣನ ಪ್ರಶ್ನೆ ಬರಲಿಕ್ಕುಂಟು. ಅದು ಆಗದೆ ಅವರನ್ನು ಎತ್ತಲಿಕ್ಕೆ ನಾನು ಬಿಡುವುದಿಲ್ಲ."

ಮದ್ರಾಸಿನ ವಡಪಳನಿಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ವಿಷ್ಣುಮೂರ್ತಿ ಭಟ್ಟರು ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ಮೂಗಿಗೆ ಹತ್ತಿ, ಹೆಬ್ಬೆರಳುಗಳಿಗೆ ದಾರ, ತಲೆದೆಸೆಯಲ್ಲಿ ದೀಪ. ಕಾಲ ಕಡೆಯ ಗೋಡೆಯಲ್ಲಿ ಟೀವಿ, ಟೀವಿಯಲ್ಲಿ ಲೋಕಸಭೆಯ ಚಾನೆಲ್ಲು. ಹಾಗೆ ನೋಡಿದರೆ ಎಲ್ಲ ದಿನಾ ಇದ್ದ ಹಾಗೆಯೇ. ಅವರ ಕೆಮ್ಮು ಒಂದು ನಿಂತಿತ್ತು.

ಸ್ಮಶಾನದಲ್ಲಿ ಹನ್ನೊಂದೂವರೆಗೆ ಹೇಳಿಯಾಗಿತ್ತು. ಪುರೋಹಿತರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಶವದ ವ್ಯಾನು ಗಲ್ಲಿಗೆ ಅಡ್ಡ ನಿಂತು, ಅದರ ಹಿಂದಿನ ಆಟೋದವರೆಲ್ಲ ಹಾರನ್ನು ಹೊಡೆಯುತ್ತಿದ್ದರು. ಮಗಳು ನಮಿತಾ ತಾಯಿಯ ಭುಜ ಹಿಡಿದಳು. ಈ ಊರಲ್ಲೇ ಹುಟ್ಟಿ ಬೆಳೆದವಳು. ಸಿಟ್ಟು ಬಂದರೂ ಅಳು ಬಂದರೂ ಅವಳಿಗೆ ತಮಿಳೇ.

"ಪೋದುಮ್ಮಾ. ಅಪ್ಪಾವುಕ್ಕು ಇನಿಮೇ ಇದೆಲ್ಲಾ ಎದುಕ್ಕು?"

"ಸಾಕು ಅಂದರೆ ಹೇಗೆ? ಅಪ್ಪನಿಗೆ ಬೇಡವಾದರೆ ನನಗೆ ಬೇಕು," ಎಂದಳು ಬೇಬಿ.

*

ಭಟ್ಟರು ನಲವತ್ತು ವರ್ಷ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತವರು. ಕಿಟಕಿಯಿಲ್ಲದ ಅಡುಗೆಮನೆ, ಹೊತ್ತಿದ ಎಣ್ಣೆ, ಒಗ್ಗರಣೆಯ ಘಾಟು. ಕೀಲ್ಪಾಕ್ ಆಸ್ಪತ್ರೆಯ ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, "ದಿನಕ್ಕೆ ಎಷ್ಟು ಸಿಗರೇಟು?" ಎಂದು ಕೇಳಿದಾಗ ಅವರಿಗೆ ಅವಮಾನವೇ ಆಯಿತು. ಎಲೆಯಡಿಕೆ ಬಿಟ್ಟರೆ ಇನ್ನೊಂದು ಚಟ ಕಂಡ ಜೀವ ಅಲ್ಲ ಅದು.

"ನಾನು ಸೇದಿದ್ದಲ್ಲ ಡಾಕ್ಟ್ರೇ, ಒಲೆ ಸೇದಿಸಿದ್ದು."

ಪರಿಹಾರ ಕೇಳಲು ಹೋದಲ್ಲೆಲ್ಲ ಒಂದೇ ಮಾತು: ಗಣಿಯಲ್ಲಿ ದುಡಿದವನ ಎದೆಗೆ ಕಾಯ್ದೆಯಿದೆ, ಹೋಟೆಲಿನಲ್ಲಿ ದುಡಿದವನ ಎದೆಗೆ ಇಲ್ಲ. ಇದನ್ನು ಭಟ್ಟರು ಸತ್ಯಾತ್ಮನಲ್ಲಿ ಹೇಳಿಕೊಂಡರು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನದವನು. ಎಂಪಿಯ ಕಛೇರಿಯಲ್ಲಿ ಕೆಲಸ, ಬೆಳಗಿನ ತಿಂಡಿ ಭಟ್ಟರ ಕೈಯದು.

"ಕಾಯ್ದೆಯಲ್ಲಿ ಇಲ್ದೇ ಇದ್ರೆ ಆಫೀಸಿನವ್ರು ಒಂದೂ ಮಾಡಕ್ಕಾಗಲ್ಲ ಭಟ್ರೇ," ಎಂದ ಸತ್ಯಾತ್ಮ. "ಅದು ಪಾರ್ಲಿಮೆಂಟೇ ಮಾಡಬೇಕು. ಮೊದಲು ನಮ್ಮ ಎಂಪಿ ಅಲ್ಲಿ ಎದ್ದು ಕೇಳಲಿ. ಕೇಳಿದ್ರೆ ಮಂತ್ರಿ ಉತ್ತರ ಹೇಳಲೇಬೇಕು. ಕಂಡಿಪ್ಪಾ ಹೇಳಲೇಬೇಕು."

ಆ ಮಾತೇ ಭಟ್ಟರಿಗೆ ದೇವರ ಪ್ರಸಾದವಾಯಿತು. ಅಧಿವೇಶನ ನಡೆಯುವ ದಿನಗಳಲ್ಲಿ ಮಿಂದು, ಇಸ್ತ್ರಿ ಅಂಗಿ ತೊಟ್ಟು ಟೀವಿಯ ಮುಂದೆ ಕೂರುವರು.

"ಅವರು ನಿಮಗೆ ಕಾಣುವುದಲ್ಲದೆ ನೀವು ಅವರಿಗೆ ಕಾಣುವುದುಂಟಾ? ಅಂಗಿ ಎಂತಕ್ಕೆ ಮಾರಾಯ್ರೇ?" ಎಂದು ಬೇಬಿ ನಗಾಡುವಳು.

"ನನ್ನ ಮಾತು ಅಲ್ಲಿ ಬರುವಾಗ ನಾನು ಬನಿಯನ್ನಿನಲ್ಲಿ ಕೂತಿರುವುದಾ?"

ಪ್ರಶ್ನೆಗಳನ್ನು ಅಲ್ಲಿ ಚೀಟಿಯೆತ್ತಿ ಆರಿಸುತ್ತಾರಂತೆ. ಅಧಿವೇಶನದ ಮೇಲೆ ಅಧಿವೇಶನ ಹೋಯಿತು, ಇವರ ಚೀಟಿ ಬರಲಿಲ್ಲ. ಮೊನ್ನೆ ಮೊನ್ನೆ ಸತ್ಯಾತ್ಮ ಓಡಿಬಂದು, ಬಂತು ಭಟ್ರೇ, ಸೋಮವಾರ, ಮೂರನೇ ಪ್ರಶ್ನೆ ಎಂದ. ಭಟ್ಟರಿಗೆ ಆಗಲೇ ಮಾತಾಡುವಷ್ಟು ಉಸಿರಿರಲಿಲ್ಲ. ಬಂದವರಿಗೆಲ್ಲ ಮೂರು ಬೆರಳು ತೋರಿಸಿ ನಗುತ್ತಿದ್ದರು. ಭಾನುವಾರ ಸಂಜೆ ಹೋಗಿಬಿಟ್ಟರು. ಇನ್ನೊಂದು ರಾತ್ರಿ ತಡೆಯಬಾರದಿತ್ತೇ!

*

ಗಂಟೆ ಹನ್ನೊಂದಾಯಿತು. ಸ್ಪೀಕರು ಬಂದು ಕುಳಿತರು. ಮೊದಲ ಪ್ರಶ್ನೆಗೆ ಯಾರೋ ಎದ್ದು ನಿಂತದ್ದೇ ತಡ, ಹಿಂದಿನಿಂದ ಹತ್ತಾರು ಜನ ಘೋಷಣೆ ಬರೆದ ಹಲಗೆ ಹಿಡಿದುಕೊಂಡು ನಡುಮಧ್ಯಕ್ಕೆ ನುಗ್ಗಿದರು. ಎದುರಿನವರೂ ಎದ್ದು ಕೂಗತೊಡಗಿದರು. ಬೇಬಿ ಟೀವಿಗೆ ಇನ್ನಷ್ಟು ಹತ್ತಿರ ಸರಿದಳು. ಸ್ಪೀಕರು ಎರಡು ಸಲ ಬೇಡಿಕೊಂಡರು, ಮೂರನೆಯ ಸಲ ಎದ್ದೇ ಹೋದರು.

"ಇದೆಂತ? ಎಲ್ಲಿಗೆ ಹೋದರು?"

ಗೋಡೆಗೆ ಒರಗಿ ಕೂತಿದ್ದ ಸತ್ಯಾತ್ಮ ತಲೆಯೆತ್ತಲಿಲ್ಲ. "ಹನ್ನೆರಡರ ತನಕ ಮುಂದೂಡಿದಾರೆ ಮಾಮಿ."

"ಹನ್ನೆರಡಕ್ಕೆ ಕೇಳುತ್ತಾರಾ ಹಾಗಾದರೆ?"

"ಇಲ್ಲ ಮಾಮಿ. ಪ್ರಶ್ನೆಗೆ ಇದೊಂದೇ ಗಂಟೆ. ಇನ್ನು ಮಂತ್ರಿ ಬರೆದುಕೊಟ್ಟ ಉತ್ತರ ಮಾತ್ರ."

"ಕೇಳಲಿಕ್ಕೇ ಅಂತ ಅಷ್ಟು ದೊಡ್ಡ ಮನೆ ಕಟ್ಟಿದ್ದಲ್ವಾ? ಅಲ್ಲಿಯೂ ಕೇಳಲಿಕ್ಕಾಗದಿದ್ದರೆ ಮತ್ತೆ ಎಲ್ಲಿ ಕೇಳುವುದು?" ಎಂದಳು ಬೇಬಿ. ಬೆಳಗಿನಿಂದ ಬಾರದ ಅಳು ಈಗ ಸಿಟ್ಟಿನ ಬೆನ್ನು ಹತ್ತಿ ಬಂತು. "ಬರೆದದ್ದನ್ನಾದರೂ ಓದಿ. ಅವರಿಗೆ ಕೇಳುವ ಹಾಗೆ ಓದಿ."

ಸತ್ಯಾತ್ಮ ದಿಲ್ಲಿಗೆ ಫೋನು ಮಾಡಿ ಬೇಡಿಕೊಂಡ. ಉತ್ತರ ಅವನ ಮೊಬೈಲಿಗೆ ಬರುವ ಹೊತ್ತಿಗೆ ಸ್ಮಶಾನದ ಹೊತ್ತು ಮೀರಿತ್ತು. ಶ್ರೀಶ ಅಲ್ಲಿಯವರ ಕಾಲು ಹಿಡಿದು ಇನ್ನೊಂದು ಹೊತ್ತು ಕೇಳಿಕೊಂಡಿದ್ದ. ಸತ್ಯಾತ್ಮ ಹೆಣದ ಪಕ್ಕ ಮಂಡಿಯೂರಿ ಕೂತು, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದ.

"ಹೋಟೆಲ್ ಅಡುಗೆಯವರಿಗೆ ಹೊಗೆಯಿಂದ ಇಂಥ ರೋಗ ಬಂದಿದೆ ಅನ್ನೋ ಮಾಹಿತಿ ಸರ್ಕಾರದ ಹತ್ರ ಇಲ್ಲ. ಆದ್ದರಿಂದ ಕಾಯ್ದೆಗೆ ಸೇರಿಸುವ ಪ್ರಶ್ನೆಯೇ ಏಳೋದಿಲ್ಲ."

ಹೊರಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಬೆಳಗಿನ ತಿಂಡಿಯ ಗಲಾಟೆ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಸಿಕ್ಕ ಬಿಡುವಿನಲ್ಲಿ ಸುತ್ತಲಿನ ಹೋಟೆಲುಗಳ ಅಡುಗೆಯವರು ಹೆಗಲು ಕೊಡಲು ಬಂದಿದ್ದರು. ಎರಡು ಮಾಳಿಗೆ ಹತ್ತಿದ್ದಕ್ಕೇ ಏದುಸಿರು. ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೂ ಶುರುವಾಗುತ್ತಿತ್ತು.

ಬೇಬಿ ಅವರನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಾಹಿತಿ ಇಲ್ಲವಂತೆ," ಎಂದಳು. "ಬನ್ನಿ ನೀವೆಲ್ಲ ಒಳಗೆ. ಇವರ ಹಿಂದೆ ನಿಲ್ಲಿ. ಸತ್ಯಾತ್ಮ, ಫೋಟೋ ತೆಗೆಯಿರಿ. ಈಗಲೇ ಕಳಿಸಿ ದಿಲ್ಲಿಗೆ."

"ಅತ್ತಿಗೇ, ಹೊತ್ತಾಯಿತು…"

"ನೀನು ಸ್ವಲ್ಪ ಆಚೆ ಸರಿ ಶ್ರೀಶ. ಮುಖಕ್ಕೆ ನೆರಳು ಬೀಳ್ತದೆ."

ಅವಳೇ ಬಗ್ಗಿ ಗಂಡನ ಮುಖದ ಮೇಲಿನ ತುಳಸಿಯನ್ನು ಬದಿಗೆ ಸರಿಸಿದಳು. ಅಡುಗೆಯವರು ಒಬ್ಬೊಬ್ಬರಾಗಿ ಬಂದು ಹೆಣದ ಹಿಂದೆ ಸಾಲಾಗಿ ನಿಂತರು. ಸತ್ಯಾತ್ಮ ಮೊಬೈಲು ಎತ್ತಿ ಹಿಡಿದ. ಫೋಟೋ ಅಲುಗಬಾರದೆಂದು ಅವರೆಲ್ಲ ಬಾಯಿಗೆ ಬಟ್ಟೆಯೊತ್ತಿ ಕೆಮ್ಮು ತಡೆದುಕೊಂಡರು; ಆಮೇಲೆ ಬಟ್ಟೆ ತೆಗೆದು, ಉಸಿರು ಕಟ್ಟಿ, ನೆಟ್ಟಗೆ ನಿಂತರು.