ಕಾಸಿ ಆರಿಸಿದ ಒಂದು ಬಾಟಲಿ ನೀರು

೧೯೮೪ರಲ್ಲಿ ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೆ. ಖಾನಾಪುರದ ಹಳ್ಳಿಗಳಿಂದ ವರ್ಷಕ್ಕೊಮ್ಮೆ, ಊರಿಗೊಂದರಂತೆ ಬಾಟಲಿ ಬರುತ್ತಿತ್ತು. ನೀರು ಕೆಟ್ಟಿದೆ ಎಂದು ನಾನು ಬರೆದರೆ ಆ ಊರಿನ ಹೆಸರು ಬೋರ್‌ವೆಲ್ ಕೊರೆಸುವ ಊರುಗಳ ಯಾದಿಗೆ ಸೇರುತ್ತಿತ್ತು.

ಬಾಟಲಿ ತುಂಬಿ ತರುವವನು ಸಿದರಾಯ. ನನ್ನನ್ನು ಅವನು ‘ಬಾಯಾರು’ ಎನ್ನುತ್ತಿದ್ದ, ಮೇಡಂ ಎನ್ನುವ ಹಾಗೆ. ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ತಾಗದಂತೆ ತನ್ನದೇ ಒದ್ದೆ ಟವೆಲ್ಲು ಹೊದಿಸಿ ತರುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಮಳೆಗಾಲ ಕಾಡಂಚಿನ ಇಪ್ಪತ್ತು ಮನೆಗಳ ವಾಡಿಯೊಂದರಲ್ಲಿ ಮನೆಮನೆಗೂ ವಾಂತಿಭೇದಿ. ಇದ್ದದ್ದು ಒಂದೇ ಮೆಟ್ಟಿಲು ಬಾವಿ. ಅಲ್ಲಿಂದ ಬಂದ ನೀರನ್ನು ನಳಿಕೆಗಳಿಗೆ ಹಾಕಿ ಎರಡು ದಿನ ಕಾದೆ. ನೀರು ಕೆಟ್ಟಿದ್ದರೆ ಏಳುವ ಗುಳ್ಳೆ ಒಂದರಲ್ಲೂ ಏಳಲಿಲ್ಲ. ನನಗೆ ಆಶ್ಚರ್ಯವಾಯಿತು. ಆದರೂ ಕಂಡದ್ದನ್ನೇ ಬರೆಯಬೇಕಲ್ಲ, ‘ಕುಡಿಯಲು ಯೋಗ್ಯ’ ಎಂದು ಬರೆದೆ. ಆ ವಾಡಿಯ ಹೆಸರಿಲ್ಲದೆ ಯಾದಿ ಮೇಲಕ್ಕೆ ಹೋಯಿತು.

ತಿಂಗಳಾದ ಮೇಲೆ ಸಿದರಾಯ ಬಂದು ಬಾಗಿಲಲ್ಲೇ ನಿಂತ. ಆ ವಾಡಿಯ ನೀರು ತಂದ ದಿನ ಮೊಣಕಾಲು ನೋಯುತ್ತಿತ್ತು, ಪಾಚಿಗಟ್ಟಿದ ಮೆಟ್ಟಿಲು ಇಳಿಯಲು ಹೆದರಿ ಬಾಟಲಿಯನ್ನು ಫಕೀರವ್ವ ಎಂಬ ಮುದುಕಿಯ ಕೈಗೆ ಕೊಟ್ಟಿದ್ದೆ ಎಂದ. ಅವಳು ಇವನನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ತುಂಬಿದ ಬಾಟಲಿ ತಂದುಕೊಟ್ಟಿದ್ದಳಂತೆ.

ರಜೆ ಹಾಕಿ, ಹೊಸ ಬಾಟಲಿ ಹಿಡಿದು ನಾನೇ ಅವನ ಜೊತೆ ಹೋದೆ. ಫಕೀರವ್ವ ಕಂಬಳಿ ಹಾಸಿದಳು. ಒಳಗೆ ಅವಳ ಮೊಮ್ಮಗಳು, ಕೂಸು ಕಾಂತಾ, ಬತ್ತಿದ ಮುಖದಲ್ಲಿ ಮಲಗಿದ್ದಳು. ಅಂದು ನೀರು ಎಲ್ಲಿಂದ ತುಂಬಿದಿರಿ ಎಂದು ಕೇಳಿದೆ.

“ಬೆಳಗಾವಿ ಬಾಯಾರಿಗೆ ಹೋಗೂ ನೀರಂತ ಸಿದರಾಯಪ್ಪ ಅಂದ್ರು. ಎಮ್ಮಿ ಇಳಿಯೂ ಬಾವ್ಯಾಗಿಂದು ನಿಮಗ ಹೆಂಗ ಕಳಸೂದ್ರಿ? ಕೂಸಿಗಂತ ಕಾಸಿ ಆರಿಸಿಟ್ಟಿದ್ದೆ, ಅದನ್ನ ತುಂಬಿ ಕೊಟ್ಟೆ,” ಎಂದಳು. ಆಮೇಲೆ ಸ್ವಲ್ಪ ನಾಚಿ, “ಚೊಲೋ ಇತ್ತಿಲ್ರಿ?” ಎಂದು ಕೇಳಿದಳು.

ಚೆನ್ನಾಗಿತ್ತು ಎಂದೆ. ಆ ದಿನ ಕೂಸು ಏನು ಕುಡಿಯಿತೋ, ಅದನ್ನು ಕೇಳಲಿಲ್ಲ.

ಈ ಸಲ ಬಾವಿಗೆ ನಾನೇ ಇಳಿದೆ. ಫಕೀರವ್ವ ಹಿಂದಿನಿಂದ ನನ್ನ ತೋಳು ಹಿಡಿದುಕೊಂಡಿದ್ದಳು. ಎರಡೇ ದಿನಕ್ಕೆ ಎಲ್ಲ ನಳಿಕೆಗಳಲ್ಲೂ ಗುಳ್ಳೆ ಎದ್ದವು. ಅದನ್ನು ಬರೆದ ಕಾಗದ ಹಿಡಿದು ನಮ್ಮ ಕಚೇರಿಯ ಸಾಹೇಬರ ಬಳಿಗೆ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂರಿಸಿದರು, ಎರಡು ಸಲ ಓದಿದರು. ಯಾದಿಗೆ ಮಂಜೂರಿ ಆಗಿಬಿಟ್ಟಿದೆ, ಒಮ್ಮೆ ಯೋಗ್ಯವೆಂದ ಊರಿನ ಬಾಟಲಿ ಇನ್ನು ಬರುವ ವರ್ಷಕ್ಕೇ ಎಂದರು. ಕಾಗದವನ್ನು ಫೈಲಿಗೆ ಹಾಕಿದರು. ಜಿಲ್ಲೆಯ ಕಚೇರಿಗೂ ಬರೆದೆ. ಉತ್ತರ ಬರಲಿಲ್ಲ.

ಮುಂದೊಂದು ಸೋಮವಾರ ಸಿದರಾಯ ಖಾಲಿ ಬಾಟಲಿಗಳನ್ನು ಒಯ್ಯಲು ಬಂದ. ವಾಡಿಯವರು ಬೋರಿನ ಗಾಡಿ ಯಾವಾಗ ಬರುತ್ತದೆಂದು ದಿನಾ ಕೇಳುತ್ತಿದ್ದಾರೆ, ಏನು ಹೇಳಲಿ ಎಂದ.

ನೀರನ್ನು ಕಾಸಿ ಕುಡಿಯಲು ಹೇಳು ಎಂದೆ.

“ಫಕೀರವ್ವಕ್ಕ ಅದನ್ನ ಮೊದಲಿಂದನೂ ಮಾಡತಾಳಲ್ರಿ, ಬಾಯಾರ,” ಎಂದ ಅವನು, ನನಗೆ ನೋವಾಗದಂತೆ ಮೆಲ್ಲಗೆ. ಆಮೇಲೆ ಟವೆಲ್ಲನ್ನು ನಲ್ಲಿಯಡಿ ಹಿಡಿದು ಒದ್ದೆ ಮಾಡಿಕೊಂಡ.