ಬಣ್ಣ ಬದಲಿಸಿದ ಆರತಿ

ವಿಶಾಲಮ್ಮ ನಿಂಬೆಹಣ್ಣಿನ ಹೋಳನ್ನು ಆರತಿ ತಟ್ಟೆಗೆ ಹಿಂಡಿದಳು, ಅಷ್ಟೆ. ತಟ್ಟೆಯೊಳಗಿದ್ದ ಕೆಂಪು ನೀರು ಗುರುಸಿದ್ದಮ್ಮನ ಕೈಯಲ್ಲೇ, ಅವಳ ಕಣ್ಣೆದುರೇ, ಹಳದಿಗೆ ತಿರುಗಿಬಿಟ್ಟಿತು.

ತಟ್ಟೆ ಕೈಜಾರದೆ ಉಳಿದದ್ದೇ ಹೆಚ್ಚು. ಕೋಳಿ ಕೂಗುವ ಮೊದಲೇ ಎದ್ದು ಒಲೆ, ಒರಳು, ನೆಂಟರು ಎಂದು ಸುತ್ತಿ ಸುತ್ತಿ ಗುರುಸಿದ್ದಮ್ಮನ ಸೊಂಟ ಬಿದ್ದುಹೋಗಿತ್ತು. ಗಾಡಿಯ ಎತ್ತುಗಳ ಗೆಜ್ಜೆ ಕೇಳಿದ ಮೇಲೆ, ನೀರಿಗೆ ಅರಿಶಿನ ಕದಡಿ, ಎಲೆಅಡಿಕೆಯ ಚೀಲದಿಂದ ಒಂದು ಚಿಟಿಕೆ ಸುಣ್ಣ ತೆಗೆದು ಹಾಕಿ, ನೀರು ಕೆಂಪಾಯಿತೋ ಇಲ್ಲವೋ ಹೊಸ್ತಿಲಿಗೆ ಓಡಿಬಂದಿದ್ದಳು. ಎದುರಿಗೆ ಮಗ ಮಲ್ಲಯ್ಯ. ಅವನ ಪಕ್ಕದಲ್ಲಿ ಬನ್ನೂರಿನಿಂದ ಬಂದ ಸೊಸೆ ದೇವೀರಿ. ಹೆಣ್ಣು ಲಕ್ಷಣವಾಗಿದೆ, ಊರ ಕಣ್ಣೆಲ್ಲ ಅವಳ ಮೇಲೇ ಇದೆ, ಬರಿಯ ಆರತಿ ಸಾಲದು ಎಂದುಕೊಂಡ ಗುರುಸಿದ್ದಮ್ಮನ ನಾದಿನಿ ವಿಶಾಲಮ್ಮ, ನಿವಾಳಿಸಿ ಎಸೆಯಬೇಕಾದ ನಿಂಬೆಹಣ್ಣನ್ನು ತಟ್ಟೆಗೇ ಹಿಂಡಿದ್ದಳು.

"ಅಯ್ಯೋ ಶಿವನೇ, ಕೆಂಪು ಓಯ್ತಲ್ಲವ್ವಾ!" ಎಂದಿತು ಗುಂಪಿನೊಳಗಿಂದ ಒಂದು ದನಿ.

"ಮುತ್ತೈದೆ ಬಣ್ಣ ಕಣೇ. ಒಸ್ಲು ದಾಟೂಕ್ ಮುಂಚೇಯ ಅಳಿಸ್ಕೊಂಡ್ಲು."

ದೇವನೂರಿಗೆ ದೇವನೂರೇ ಅಲ್ಲಿ ನೆರೆದಿತ್ತು. ಪ್ಲೇಗಿಗೆ ಹೆದರಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಜನ ಊರೊಳಕ್ಕೆ ಮರಳಿದ ಮೇಲೆ ಇದೇ ಮೊದಲನೆಯ ಮದುವೆ. ಮೊದಲು ಬರುವ ಹೆಣ್ಣಿನ ಕಾಲ್ಗುಣ ಊರಿಗೇ ತಾಕುತ್ತದೆ ಎಂದು ಆಡಿಕೊಳ್ಳದವರಿರಲಿಲ್ಲ.

ಜಗಲಿಯ ಮೇಲಿದ್ದ ದೊಡ್ಡಸಿದ್ದಯ್ಯ ದೊಣ್ಣೆ ಊರಿಕೊಂಡು ಎದ್ದ. ಗುರುಸಿದ್ದಮ್ಮನ ಗಂಡನಿಗೆ ದೊಡ್ಡಪ್ಪ. ಅವನ ಮಾತನ್ನು ಆ ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

"ಗಾಡಿ ಎತ್ತು ಬಿಚ್ಚಬ್ಯಾಡ್ರಿ," ಎಂದ. "ಕೂಸ್ನ ಬನ್ನೂರ್ಗೆ ವಾಪಸ್ ಕಳ್ಸಿ. ನಂಜುಂಡೇಶ್ವರನ ಕೇಳಿ, ಒಳ್ಳೇ ದಿನ ನೋಡ್ಕಂಡು ಕರಸ್ಕಳಾನ."

ಹಾಗೆ ವಾಪಸ್ಸು ಹೋದ ಹೆಣ್ಣು ಮತ್ತೆ ಬಂದರೂ ಯಾವ ಹೆಸರು ಹೊತ್ತು ಬರುತ್ತಾಳೆ ಎಂಬುದನ್ನು ಗುರುಸಿದ್ದಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಈ ಮನೆ ಹೊಕ್ಕ ವಾರದಲ್ಲೇ ಜೋಡೆತ್ತಿನಲ್ಲಿ ಒಂದೆತ್ತು ಹಾವು ಕಚ್ಚಿ ಸತ್ತಿತ್ತು. ಹಾವನ್ನು ಊರು ಅಂದೇ ಮರೆಯಿತು. ಅವಳನ್ನು ಮಾತ್ರ, ಮಗ ಹುಟ್ಟಿ ಮೀಸೆ ಬರುವ ತನಕ, "ಎತ್ತು ನುಂಗಿದೋಳು" ಎಂದೇ ಕರೆಯಿತು.

ಅಷ್ಟರಲ್ಲಿ ಯಾರೋ ಕಿಲಕಿಲ ನಕ್ಕರು. ಎಲ್ಲರೂ ತಿರುಗಿ ನೋಡಿದರು. ನಗುತ್ತಿದ್ದವಳು ಮದುವಣಗಿತ್ತಿ.

"ಅತ್ತೆ," ಎಂದಳು ದೇವೀರಿ, ತಟ್ಟೆಯೊಳಕ್ಕೇ ಬಗ್ಗಿ, "ಇನ್ನೊಂದ್ಸಲ ಮಾಡಿ!"

ಮಲ್ಲಯ್ಯ ತನ್ನ ಹೆಬ್ಬೆರಳನ್ನು ನೋಡತೊಡಗಿದ. ಗುರುಸಿದ್ದಮ್ಮನಿಗೆ ಒಂದು ಗಳಿಗೆ ಸಿಟ್ಟೇ ಬಂತು. ಮರುಗಳಿಗೆ, ಇನ್ನೊಂದು ಸಲ ಎಂದರೆ ಮೊದಲು ಕೆಂಪಾಗಬೇಕಲ್ಲ ಎನಿಸಿತು. ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯನ್ನು ಸೊಂಟದ ಚೀಲಕ್ಕೆ ಹಾಕಿದಳು. ಈ ಸಲ ಚಿಟಿಕೆಯಲ್ಲ, ಒಂದು ಬೆರಳು ತುಂಬ ಸುಣ್ಣ ಬಳಿದು ನೀರಿಗೆ ಅದ್ದಿದಳು. ಬೆರಳಿನ ಸುತ್ತ ಕೆಂಪು ಎಳೆಯೊಂದು ಬಿಚ್ಚಿಕೊಂಡಿತು, ಕಲಕಿದಳು, ತಟ್ಟೆಯೆಲ್ಲ ದಾಸವಾಳ.

"ಬಂತು! ಕೆಂಪು ಬಂತು!" ಎಂದು ಮಕ್ಕಳು ಕುಣಿದವು.

"ಅಂಗಾರೆ ಕೆಡಿಸ್ದೋಳು ನಾನಾ?" ವಿಶಾಲಮ್ಮನಿಗೆ ಅವಮಾನವಾಯಿತು. "ಅದೆಂಗಾದಾತು, ನೋಡೇಬುಡಾನ!" ಎಂದು ಇನ್ನೊಂದು ಹೋಳನ್ನೂ ಹಿಂಡಿದಳು. ಕೊನೆಯ ಹನಿಯವರೆಗೆ ಹಿಂಡಿದ ಮೇಲೆ ನೀರು ಮತ್ತೆ ಹಳದಿ.

"ಹುಳಿಗೂ ಸುಣ್ಣಕ್ಕೂ ಜಗಳ ಕಣತ್ತೆ," ಎಂದಳು ದೇವೀರಿ. ಕಣ್ಣು ಅರಳಿಹೋಗಿದ್ದವು. "ಯಾರ ಕೈ ಮೇಲಾಯ್ತದೋ ಬಣ್ಣ ಅವ್ರುದ್ದು. ಅರಿಶಿನ ಪಾಪ, ಇಬ್ರಿಗೂ ಊಂ ಅಂತದೆ."

"ನಮ್ಮಪ್ಪನಂಗೆ," ಎಂದ ಮಲ್ಲಯ್ಯ, ಬೆಳಗಿನಿಂದ ಮೊದಲ ಬಾರಿಗೆ ಬಾಯಿಬಿಟ್ಟು. "ಅವ್ವಂಗೂ ಊಂ, ಅತ್ತೆಗೂ ಊಂ."

ನಗುವಿಗೆ ಎತ್ತುಗಳೇ ಬೆದರಿದವು. ವಿಶಾಲಮ್ಮ ಕೈಯಲ್ಲಿದ್ದ ನಿಂಬೆ ಸಿಪ್ಪೆಯನ್ನು ಅಣ್ಣನ ಮಗನತ್ತ ಬೀಸಿದಳು. ಅದು ದೊಡ್ಡಸಿದ್ದಯ್ಯನ ಪೇಟಕ್ಕೆ ಬಿತ್ತು. ಮುದುಕ ಪೇಟ ಸರಿಮಾಡಿಕೊಂಡು, ಗಂಭೀರವಾಗಿ ಕೆಮ್ಮಿ, ಜಗಲಿ ಇಳಿದು ಬಂದ.

"ಮಜ್ಗೆ ಉಯ್ದ್ರೆ?" ಎಂದು ಕೇಳಿದ.

ಅಲ್ಲಿಂದ ಮುಂದೆ ಯಾರು ಯಾರನ್ನೂ ಹಿಡಿಯುವಂತಿರಲಿಲ್ಲ. ತೆಂಗಿನ ಕರಟಗಳು ಬಂದವು, ಕರಟಕ್ಕೊಂದಿಷ್ಟು ಹೊಸದಾಗಿ ಕದಡಿದ ಕೆಂಪು ನೀರು ಬಂತು. ಒಬ್ಬಳು ಹುಣಸೆಹಣ್ಣು ಕಿವುಚಿದಳು, ಹಳದಿ. ಮಜ್ಜಿಗೆಗೆ ನೀರು ಮಾಸಲು ಹಳದಿಯಾಯಿತು. ದೊಡ್ಡಸಿದ್ದಯ್ಯ ಅದನ್ನು ತನ್ನದೇ ಗೆಲುವೆಂಬಂತೆ ಎತ್ತಿ ತೋರಿಸಿದ. ಉಪ್ಪು ಹಾಕಿದರೆ ಏನೂ ಆಗಲಿಲ್ಲ. "ಉಪ್ಪು ಯಾರ ಕಡೀಕೂ ಇಲ್ಲ ಕಣ್ರಲಾ, ಶಾನುಭೋಗನಂಗೆ!" ಎಂದು ಗಾಡಿ ಹೊಡೆಯುವ ಚಿಕ್ಕಮಾದು ಕೂಗಿದ. ಬಗ್ಗಿ ನೋಡುವ ನೂಕುನುಗ್ಗಲಲ್ಲಿ ಬಿಂದಿಗೆ ಉರುಳಿ ಅಂಗಳವೆಲ್ಲ ಒದ್ದೆಯಾಯಿತು.

"ಸುಣ್ಣ ಬುಟ್ಟು ಬ್ಯಾರೆ ಯಾವ್ದೂ ಕೆಂಪು ಮಾಡಕಿಲ್ವಾ?" ಎಂದು ಯಾರೋ ಕೇಳಿದರು.

ಆ ಪ್ರಶ್ನೆಗೆ ಉತ್ತರ ಒಳಗಿನಿಂದ ಬಂತು. "ಒಲೆಬೂದಿ! ಒಲೆಬೂದಿ ಆಕಿ ನೋಡಾನ!" ಎನ್ನುತ್ತ ದೇವೀರಿ ಮುಷ್ಟಿ ತುಂಬ ಬೂದಿ ಹಿಡಿದು ನಡುಮನೆಯಿಂದ ಓಡಿಬಂದಳು. ಬಾಸಿಂಗ ಓರೆಯಾಗಿತ್ತು, ಮೂಗಿನ ಮೇಲೆ ಮಸಿ. ಹಳದಿ ನೀರಿಗೆ ಬೂದಿ ಬಿತ್ತು, ಕಲಕಿದರು, ಕಾದರು, ಮೆಲ್ಲಗೆ ಇಟ್ಟಿಗೆಯ ಬಣ್ಣ ಏರಿತು. ಅಂಗಳ ಹೋ ಎಂದಿತು.

ದೊಡ್ಡಸಿದ್ದಯ್ಯನಿಗೆ ಆಗ ಹೊಳೆಯಿತು. ಕೈಯಲ್ಲಿದ್ದ ಕರಟವನ್ನು ಕೆಳಗಿಟ್ಟು ದೇವೀರಿಯನ್ನು ನೋಡಿದ, ಹೊಸ್ತಿಲನ್ನು ನೋಡಿದ.

"ಅಲ್ಲ ಕಣ್ರಲಾ, ಈ ಕೂಸು ಯಾವಾಗ್ಲಾ ಒಳೀಕೋಯ್ತು? ಯಾವ್ ಕಾಲಿಟ್ಟೋಯ್ತು? ಯಾರಾರ ನೋಡುದ್ರಾ?"

ಯಾರೂ ನೋಡಿರಲಿಲ್ಲ. ದೇವೀರಿಯ ನಗು ನಿಂತಿತು. ಬೂದಿಯ ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು.

"ನಾ ನೋಡ್ದೆ, ಮಾವ," ಎಂದಳು ಗುರುಸಿದ್ದಮ್ಮ. "ಬಲಗಾಲು."

"ದಿಟವಾ?"

"ಬಾಗ್ಲಲ್ಲೇ ನಿಂತಿದ್ನಲ್ಲ. ಎಲ್ರೂ ಉಣ್ಣಾಕೇಳಿ. ಅನ್ನ ಆರೋಯ್ತದೆ."

ಜನ ಕೈತೊಳೆಯಲು ಹಿತ್ತಿಲ ಕಡೆ ಹೊರಟರು. ಗುರುಸಿದ್ದಮ್ಮ ಹೊಸ್ತಿಲಿಗೆ ತಿರುಗಿದಳು. ಹೆಣ್ಣು ಒದೆಯಲೆಂದು ಇಟ್ಟಿದ್ದ ಸೇರು ಮೂಲೆಗೆ ಉರುಳಿ ಅಕ್ಕಿ ಚೆಲ್ಲಾಪಿಲ್ಲಿಯಾಗಿತ್ತು. ಅಕ್ಕಿಯ ನಡುವೆ, ಸಾರಿಸಿದ ನೆಲದ ಮೇಲೆ, ಒಳಕ್ಕೆ ಹೋದ ಮೊದಲ ಹೆಜ್ಜೆ ಇನ್ನೂ ಒದ್ದೆಯಾಗಿತ್ತು. ಐದು ಬೆರಳೂ ಸ್ಪಷ್ಟ. ಹೆಬ್ಬೆರಳು ಬಲಕ್ಕಿತ್ತು, ಎಡಗಾಲಿನದು.

ಅವಳು ಅದರ ಮೇಲೆ ತಟ್ಟೆಯನ್ನು ಬಗ್ಗಿಸಿದಳು. ಕೆಂಪೂ ಅಲ್ಲದ, ಹಳದಿಯೂ ಅಲ್ಲದ ನೀರು ನಿಧಾನವಾಗಿ ಹರಡಿ, ಅಕ್ಕಿಕಾಳುಗಳನ್ನು ತೇಲಿಸಿಕೊಂಡು ಒಳಮನೆಯತ್ತ ಹರಿಯಿತು.