ಬಿಳಿ ಚೆಂಡು ನಿಲ್ಲುವ ಜಾಗ

ಸೋಲುವುದಕ್ಕೂ ವಿದ್ಯೆ ಬೇಕು ಎಂದರೆ ನೀವು ನಗುತ್ತೀರಿ. ಪೂವಮ್ಮನೂ ನಕ್ಕಿದ್ದಳು. ಗಂಡ ಶೇಷಪ್ಪನಿಗೆ ಆ ನಗು ಎದೆಯಲ್ಲಿ ಮುಳ್ಳಾಗಿ ಉಳಿದುಬಿಟ್ಟಿತು.

ಇಪ್ಪತ್ತಾರು ವರ್ಷ ಅವನು ಬೊಂಬಾಯಿಯ ಒಂದು ಕ್ಲಬ್ಬಿನಲ್ಲಿ ಸ್ನೂಕರ್ ಮೇಜಿನ ಮಾರ್ಕರ್ ಆಗಿದ್ದ. ಚೆಂಡು ಜೋಡಿಸುವುದು, ಅಂಕ ಕೂಗುವುದು, ಜೊತೆಗಾರರಿಲ್ಲದ ಸಾಹೇಬರ ಎದುರು ಆಡಿ ಸೋಲುವುದು. ಹೇಗೆಂದರೆ ಹಾಗೆ ಸೋತರೆ ಸಾಹೇಬರಿಗೆ ಅವಮಾನವಲ್ಲವೇ? ಬೀಳಬೇಕಾದ ಚೆಂಡು ಮೇಜಿನ ಅಂಚಿನ ಪಾಕೆಟ್ಟಿನ ಬಾಯಿಗೆ ಹೋಗಿ ಅಲ್ಲೇ ನಿಲ್ಲಬೇಕು. ಕೋಲಿನಿಂದ ಹೊಡೆದ ಬಿಳಿ ಚೆಂಡು ಅದಕ್ಕೆ ತಾಗಿ ಉರುಳಿ ಸಾಹೇಬರಿಗೆ ಅನುಕೂಲವಾದ ಜಾಗದಲ್ಲಿ ನಿಲ್ಲಬೇಕು. ಮೇಲಿಂದ "ಛೇ!" ಎಂದು ಹಣೆ ಬೇರೆ ಬಡಿದುಕೊಳ್ಳಬೇಕು. ಅಷ್ಟೂ ವರ್ಷ ಸಿದ್ಧಕಟ್ಟೆಯಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ಹೆಂಡತಿಗೆ ಇದನ್ನೆಲ್ಲ ವಿವರಿಸಿದರೆ ಅವಳು, "ಒಂದು ಸಲವೂ ಗೆದ್ದದ್ದಿಲ್ಲ ಅಂತ ಸೀದಾ ಹೇಳಿ ಮಾರಾಯ್ರೆ," ಎಂದುಬಿಟ್ಟಳು.

ಊರಿಗೆ ಮರಳಿದವನನ್ನು ಮೂಡಬಿದ್ರೆಯ ಹೋಟೆಲಿನ ಲೋಕನಾಥ ಶೆಟ್ಟರು ತಮ್ಮ ಮಹಡಿಯ ಸ್ನೂಕರ್ ಮೇಜು ನೋಡಿಕೊಳ್ಳಲು ಇಟ್ಟುಕೊಂಡರು. ಎಂಬತ್ಮೂರರಲ್ಲಿ ಪೇಟೆಗೆ ವಿಡಿಯೋ ಬಂತು. ಮೇಜು ಯಾರಿಗೂ ಬೇಡವಾಯಿತು. ಅದನ್ನು ಒಯ್ಯಲು ನಾಳೆ ಲಾರಿ ಬರುತ್ತದೆ ಎಂದಾಗ ಶೇಷಪ್ಪ ಕೇಳಿದ್ದು ಒಂದೇ.

"ಶೆಟ್ರೇ, ಒಂದು ಆಟ ಆಡುವ. ನಮ್ಮವಳು ನೋಡ್ಲಿಕ್ಕೆ ಬರ್ತಾಳೆ."

"ಆಡುವ ಶೇಷಪ್ಪಣ್ಣ. ಆದ್ರೆ ನನಗೆ ಬಿಟ್ಟುಕೊಡ್ಲಿಕ್ಕಿಲ್ಲ. ನಿಮ್ಮ ನಿಜವಾದ ಆಟ ಹೇಗುಂಟು ಅಂತ ನಾನೂ ನೋಡ್ತೇನೆ."

ಮಧ್ಯಾಹ್ನ ಪೂವಮ್ಮ ಮದುವೆಗಳಿಗೆ ಉಡುವ ಸೀರೆ ಉಟ್ಟು ಬಂದು ಗೋಡೆಬದಿಯ ಬೆಂಚಿನಲ್ಲಿ ಕುಳಿತಳು. ಶೆಟ್ಟರೇನು ಸಾಮಾನ್ಯ ಆಟಗಾರರಲ್ಲ. ಆಟ ಎಳೆದೂ ಎಳೆದೂ ಕೊನೆಗೆ ಮೂರು ಚೆಂಡು ಉಳಿದವು: ನೀಲಿ, ಗುಲಾಬಿ, ಕಪ್ಪು. ಮೂರನ್ನೂ ಒಂದರ ಹಿಂದೊಂದು ಬೀಳಿಸಿದರೆ ಶೇಷಪ್ಪ ಗೆದ್ದ.

ಅವನು ಕೊನೆಯಿಂದ ಲೆಕ್ಕ ಹಾಕಿದ. ಕಪ್ಪು ಬೀಳಬೇಕಾದರೆ ಬಿಳಿ ಎಲ್ಲಿರಬೇಕು? ಅಲ್ಲಿಗೆ ಬರಬೇಕಾದರೆ ಗುಲಾಬಿಯನ್ನು ಎಲ್ಲಿಂದ ಹೊಡೆಯಬೇಕು? ಹಾಗಾದರೆ ಈಗ ನೀಲಿಗೆ ಎಷ್ಟು ಬಲ ಸಾಕು? ಕೋಲಿನ ತುದಿಗೆ ಚಾಕ್ ತಿಕ್ಕಿ ಹೊಡೆದ. ನೀಲಿ ಬಿತ್ತು. ಬಿಳಿ ಚೆಂಡು ಹೇಳಿ ಕಳಿಸಿದ ಹಾಗೆ ಗುಲಾಬಿಯ ಹಿಂದೆ ಬಂದು ನಿಂತಿತು.

"ಅಬ್ಬಾ!" ಎಂದರು ಶೆಟ್ಟರು. ಪೂವಮ್ಮ ಬೆಂಚಿನಿಂದ ಅರ್ಧ ಎದ್ದಳು. ಶೇಷಪ್ಪ ಅವಳ ಮುಖವನ್ನೊಮ್ಮೆ ನೋಡಿ ಮತ್ತೆ ಕೋಲಿಗೆ ಚಾಕ್ ತಿಕ್ಕಿದ.

ಗುಲಾಬಿ ಕಷ್ಟದ್ದೇ ಅಲ್ಲ. ಅವನು ಬಾಗಿದ, ಹೊಡೆದ. ಗುಲಾಬಿ ಪಾಕೆಟ್ಟಿನ ಬಾಯಿಗೆ ಹೋಗಿ, ಒಂದು ಸಲ ಅಲುಗಿ, ಅಲ್ಲೇ ನಿಂತಿತು. ಬಿಳಿ ಮೆಲ್ಲಗೆ ಉರುಳುತ್ತಾ ಹೋಗಿ, ಮೊದಲು ಗುಲಾಬಿಗೂ ಆಮೇಲೆ ಕಪ್ಪಿಗೂ ಹದವಾದ ಜಾಗದಲ್ಲಿ ನಿಂತಿತು. ಅಷ್ಟು ಚಂದ ಇಡಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

"ಛೇ!" ಶೇಷಪ್ಪನ ಕೈ ತಾನಾಗಿ ಹಣೆ ಬಡಿಯಿತು.

ಶೆಟ್ಟರು ಅವನನ್ನೇ ನೋಡಿದರು. "ಬೇಡ ಅಂದಿದ್ದೆನಲ್ಲ ಮಾರಾಯ್ರೆ?"

"ಬಿಟ್ಟುಕೊಟ್ಟದ್ದಲ್ಲ ಶೆಟ್ರೇ. ದೇವರಾಣೆ ಅಲ್ಲ."

"ಹಾಗಾದ್ರೆ ಇನ್ನೊಮ್ಮೆ ಹೊಡೀರಿ."

"ಆಟ ಅಂದ್ರೆ ಆಟ. ನೀವು ಹೊಡೀರಿ."

ಶೆಟ್ಟರು ಮನಸ್ಸಿಲ್ಲದೆ ಹೊಡೆದರು. ಗುಲಾಬಿ ಬಿತ್ತು. ಕಪ್ಪೂ ಬಿತ್ತು.

"ಗುಡ್ ಶಾಟ್, ಸರ್!"

ಹೇಳಿದ್ದು ಶೇಷಪ್ಪನೇ. ಶೆಟ್ಟರನ್ನು ಅವನು ಒಂದು ದಿನವೂ ಸರ್ ಎಂದವನಲ್ಲ. ಹೇಳುತ್ತಲೇ ಅವನ ಕೈಗಳು ಪಾಕೆಟ್ಟಿನಿಂದ ಚೆಂಡು ತೆಗೆದು ಜೋಡಿಸಲು ಹೊರಟಿದ್ದವು. ಗೊತ್ತಾದಾಗ ನಾಚಿಕೆಯಿಂದ ಸತ್ತೇ ಹೋಗುವ ಅನ್ನಿಸಿತು ಅವನಿಗೆ.

ಪೂವಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ಬನ್ನಿ, ಬಸ್ಸಿಗೆ ಹೊತ್ತಾಯ್ತು."

ಮೆಟ್ಟಿಲ ಮೇಲೆ ಅವಳು ನಿಂತು ಕೇಳಿದಳು. "ಅಷ್ಟು ವರ್ಷ ಅಲ್ಲಿ ಇದನ್ನೇ ಮಾಡಿದ್ದಾ ನೀವು?"

"ಹೌದು."

ಈ ಸಲ ಅವಳು ನಂಬಿದಳು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು ಎಂದು ಶೇಷಪ್ಪನಿಗೆ ಬಸ್ಸು ಸಿದ್ಧಕಟ್ಟೆ ಮುಟ್ಟುವವರೆಗೂ ಅನ್ನಿಸುತ್ತಿತ್ತು.